ಮನೆವಾರ್ತೆ: ಮಸಿ ಒರೆಸುವ ಮುನ್ನ

ದೀಪಾವಳಿಗೆ ಇನ್ನು ಎರಡೇ ದಿನ. ಮೂಡಲಗಿ ತಾಲ್ಲೂಕಿನ ನಾಗನೂರಿನಲ್ಲಿ ಒಂದು ಹಳೆಯ ಮನೆಯನ್ನು ಓದುಗರು ಕಣ್ಣೆದುರಿಗೆ ತಂದುಕೊಳ್ಳಬಹುದು. ಬೆಳಗಾವಿಯಲ್ಲಿ ಸಂಸಾರ ಹೂಡಿರುವ ಸೊಸೆ ಹಬ್ಬಕ್ಕೆಂದು ಎಳೆಯ ಮಗುವಿನೊಡನೆ ಬಂದಿದ್ದಾಳೆ. ಅತ್ತೆಯವರು ಸಂತೆಗೆ ಹೋಗಿದ್ದಾರೆ. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಶೇಂಗಾ ಎಣ್ಣೆ, ಪಕ್ಕದ ಪರಾತದಲ್ಲಿ ಕರಿಯಲು ಸಿದ್ಧವಾದ ಕರ್ಚಿಕಾಯಿ. ತೊಟ್ಟಿಲಲ್ಲಿ ಮಗು ಅತ್ತಿತು. ಸೊಸೆ ಪಡಸಾಲೆಗೆ ಹೋದಳು. ಮಗುವನ್ನು ಸಮಾಧಾನಪಡಿಸಿ ಮರಳುವಷ್ಟರಲ್ಲಿ ಬಾಣಲೆಯ ಎಣ್ಣೆ ಹೊತ್ತಿ ಉರಿಯುತ್ತಿತ್ತು.

ಅವಳು ಗಾಬರಿಯಾದರೂ ಬುದ್ಧಿಗೆಡಲಿಲ್ಲ. ಗ್ಯಾಸ್ ಒಲೆಯನ್ನು ಆರಿಸಿ, ದೊಡ್ಡದೊಂದು ಸ್ಟೀಲಿನ ತಾಟನ್ನು ಬಾಣಲೆಯ ಮೇಲೆ ಪಕ್ಕದಿಂದ ಸರಿಸಿ ಮುಚ್ಚಿದಳು. ಉರಿ ನಂದಿತು. ಆದರೆ ಆ ಎರಡು ನಿಮಿಷಗಳಲ್ಲಿ ಒಲೆಯ ಹಿಂದಿನ ಗೋಡೆ, ಮೇಲಿನ ಜಂತಿ, ಮಾಡದಲ್ಲಿದ್ದ ಡಬ್ಬಿಗಳು ಎಲ್ಲವೂ ಕಪ್ಪಿಟ್ಟವು. ಹಬ್ಬದ ಹೊತ್ತಿನಲ್ಲಿ ಗಂಡನ ಮನೆಯ ಅಡುಗೆಕೋಣೆಗೆ ಮಸಿ ಬಳಿದಂತಾಯಿತಲ್ಲ ಎಂಬ ನಾಚಿಕೆ ಅವಳನ್ನು ಕಾಡಿತು. ಅತ್ತೆ ಬರುವುದರೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡಬೇಕೆಂದು ಒದ್ದೆ ಅರಿವೆ ಹಿಡಿದು ಉಜ್ಜತೊಡಗಿದಳು. ಉಜ್ಜಿದಷ್ಟೂ ಮಸಿ ಹರಡಿತು. ಒಲೆಯ ಹಿಂದಷ್ಟೇ ಇದ್ದ ಕಲೆ ಗೋಡೆಯ ಅರ್ಧವನ್ನು ಆವರಿಸಿತು.

ಸಂತೆಯಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತರು. ಅವರ ಕಣ್ಣು ಸೊಸೆಯ ಕೆಂಪಾದ ಮುಂಗೈಯ ಮೇಲೆ ಬಿತ್ತು.

"ಗ್ವಾಡಿ ಎಲ್ಲಿಗೂ ಓಡಿ ಹೋಗೂದಿಲ್ಲ ಯವ್ವಾ, ಮೊದಲ ಕೈ ತೋರಸು" ಎಂದರು.

ಇಂತಹ ಅಪಘಾತದ ನಂತರ ಅನುಸರಿಸಬೇಕಾದ ಕ್ರಮವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಮೊದಲು ಜೀವ, ಆಮೇಲೆ ಗೋಡೆ. ಗೋಡೆಯಲ್ಲಿಯೂ ಮೊದಲು ಒಣ ಕೆಲಸ, ಆಮೇಲೆ ನೀರು. ಈ ಕ್ರಮ ತಪ್ಪಿದರೆ ಒಂದು ದಿನದ ಕೆಲಸ ಒಂದು ವರ್ಷದ ಕಲೆಯಾಗಿ ಉಳಿಯುತ್ತದೆ.

ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಡಿಯಲ್ಲಿ 20 ನಿಮಿಷಗಳ ಕಾಲ ಹಿಡಿಯಬೇಕು. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಮಂಜುಗಡ್ಡೆ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಇವಾವುದನ್ನೂ ಸವರಬಾರದು. ಬೊಬ್ಬೆ ದೊಡ್ಡದಾಗಿದ್ದರೆ, ಹೊಗೆ ಕುಡಿದವರಿಗೆ ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದಂತಾದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಎಳೆಯ ಮಕ್ಕಳು, ವೃದ್ಧರು, ಉಬ್ಬಸವುಳ್ಳವರು ಶುಚಿ ಮಾಡುವ ಕೆಲಸ ಮುಗಿಯುವವರೆಗೆ ಆ ಕೋಣೆಯಿಂದ ದೂರವಿರುವುದು ಲೇಸು.

ಅನಂತರ ಗ್ಯಾಸು ಮತ್ತು ವಿದ್ಯುತ್ತಿನ ಕಡೆಗೆ ಲಕ್ಷ್ಯ ಕೊಡಬೇಕು. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ರಬ್ಬರ್ ಕೊಳವೆಗೆ ಝಳ ತಗುಲಿದೆಯೆ ಎಂದು ನೋಡಬೇಕು. ಸ್ವಲ್ಪ ಸಂಶಯವಿದ್ದರೂ ಹೊಸ ಕೊಳವೆ ಹಾಕಿಸುವವರೆಗೆ ಒಲೆ ಹಚ್ಚಬಾರದು. ಗ್ಯಾಸಿನ ವಾಸನೆ ಬಂದಲ್ಲಿ ದೀಪದ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು, ಹೊರಗೆ ಬಂದು, 1906 ಸಂಖ್ಯೆಗೆ ದೂರವಾಣಿ ಮಾಡಬೇಕು. ಗ್ಯಾಸ್ ಸೋರಿಕೆಯ ದೂರಿಗಾಗಿಯೇ ಇರುವ ಸಂಖ್ಯೆ ಅದು. ಮಸಿ ಹಿಡಿದ ಸ್ವಿಚ್ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸುವುದಂತೂ ಪ್ರಾಣಕ್ಕೇ ಅಪಾಯ. ಮೇನ್ ಸ್ವಿಚ್ ಆರಿಸಿ, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು.

ಇನ್ನು ಮಸಿಯ ವಿಚಾರ. ಕಟ್ಟಿಗೆಯ ಒಲೆಯ ಕಾಲದಲ್ಲಿ ಅಡುಗೆಮನೆಯ ಗೋಡೆ ಕಪ್ಪಾಗಿರುವುದು ಸಹಜವಾಗಿತ್ತು. ನಾಗನೂರಿನಂತಹ ಊರುಗಳ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯ ಮೂಲಕ ಹೊಗೆ ಹೊರಗೆ ಹೋಗುತ್ತಿತ್ತು. ಉಳಿದ ಇಲ್ಲಣವನ್ನು ಉದ್ದನೆಯ ಕೋಲಿಗೆ ಕಸಬರಿಗೆ ಕಟ್ಟಿ ಕೊಡವಿ, ಸುಣ್ಣ ಬಳಿದರೆ ಹಬ್ಬಕ್ಕೆ ಮನೆ ಸಿದ್ಧವಾಗುತ್ತಿತ್ತು. ಆ ಅನುಭವವೇ ಇಂದು ಅನೇಕರನ್ನು ದಾರಿ ತಪ್ಪಿಸುತ್ತದೆ. ಕಟ್ಟಿಗೆಯ ಒಣ ಇಲ್ಲಣ ಕೊಡವಿದರೆ ಉದುರುತ್ತದೆ. ಹೊತ್ತಿ ಉರಿದ ಎಣ್ಣೆಯ ಮಸಿಯಾದರೋ ಅತಿ ಸೂಕ್ಷ್ಮವಾದ ಇಂಗಾಲದ ಕಣಗಳಿಗೆ ಅರ್ಧ ಸುಟ್ಟ ಜಿಡ್ಡು ಅಂಟಿಕೊಂಡು ಆದದ್ದು. ಅದು ಗೋಡೆಯ ಕಣ್ಣಿಗೆ ಕಾಣದ ರಂಧ್ರಗಳಿಗೆ ಇಳಿಯಲು ಒಂದು ಒತ್ತಡಕ್ಕಾಗಿ ಕಾದಿರುತ್ತದೆ. ಒದ್ದೆ ಅರಿವೆಯ ಉಜ್ಜಾಟ ಆ ಒತ್ತಡವನ್ನು ಒದಗಿಸುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಪುರಾತನ ನಿದರ್ಶನವಿದೆ. ಓಲೆಗರಿಯ ಮೇಲೆ ಬರೆಯುತ್ತಿದ್ದವರು ಲೋಹದ ಕಂಠದಿಂದ ಅಕ್ಷರಗಳನ್ನು ಕೊರೆದು, ಎಣ್ಣೆ ಬೆರೆಸಿದ ಮಸಿಯನ್ನು ಗರಿಯ ಮೇಲೆಲ್ಲ ಸವರಿ, ಬಟ್ಟೆಯಿಂದ ಒರೆಸಿಬಿಡುತ್ತಿದ್ದರು. ಮೇಲಿನ ಮಸಿ ಹೋಗಿ ಗೀರುಗಳೊಳಗಿನ ಮಸಿ ಮಾತ್ರ ನಿಲ್ಲುತ್ತಿತ್ತು. ಆ ಅಕ್ಷರಗಳು ಶತಮಾನಗಳ ನಂತರವೂ ಓದಲು ಸಿಗುತ್ತಿವೆ. ಮಸಿಯನ್ನು ಶಾಶ್ವತವಾಗಿ ನಿಲ್ಲಿಸಲು ಹಿರಿಯರು ಕಂಡುಕೊಂಡ ಉಪಾಯವನ್ನೇ ಆತುರದ ಗೃಹಿಣಿ ತನ್ನ ಗೋಡೆಯ ಮೇಲೆ ತಿಳಿಯದೆ ಪ್ರಯೋಗಿಸುತ್ತಾಳೆ.

ಆದುದರಿಂದ ಮೊದಲ ದಿನ ನೀರಿನ ಗೊಡವೆ ಬೇಡ. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ಹೊಗೆಯನ್ನು ಹೊರಗೆ ಬಿಡಬೇಕು. ಫ್ಯಾನ್ ಹಾಕಿದರೆ ಮಸಿ ಮನೆಯ ತುಂಬ ಹಾರಾಡುತ್ತದೆ. ಮಸಿ ಮೆಟ್ಟಿದ ಕಾಲಿನಲ್ಲಿ ಬೇರೆ ಕೋಣೆಗಳಿಗೆ ಓಡಾಡಬಾರದು. ನೆಲಕ್ಕೆ ಹಳೆಯ ವೃತ್ತಪತ್ರಿಕೆ ಹಾಸಿ, ಮೂಗು ಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್ ಮತ್ತು ಕೈಚೀಲಗಳನ್ನು ಧರಿಸಿ, ಜಂತಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಮೃದುವಾದ ಕುಂಚದಿಂದ ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಹಗುರವಾಗಿ ಸವರಿದರೆ ಸಡಿಲವಾದ ಮಸಿ ಬೀಳುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇರುವ ಮನೆಯಲ್ಲಿ ಅದರ ಬಾಯಿಯನ್ನು ಗೋಡೆಗೆ ತಾಗಿಸದೆ ತುಸು ದೂರದಿಂದ ಹಿಡಿದರೆ ಕೆಲಸ ಇನ್ನೂ ಸುಲಭ.

ಇಲ್ಲಿ ಚಪಾತಿಯ ಕಣಕವೂ ನೆರವಿಗೆ ಬರುತ್ತದೆ. ಅಮೆರಿಕದ ಸಿನ್ಸಿನಾಟಿ ನಗರದ ಕುಟೋಲ್ ಎಂಬ ಕಂಪನಿ 1930ರ ದಶಕದಲ್ಲಿ ಗೋಡೆಕಾಗದದ ಮೇಲಿನ ಕಲ್ಲಿದ್ದಲ ಮಸಿಯನ್ನು ತೆಗೆಯಲು ಹಿಟ್ಟಿನ ಮುದ್ದೆಯೊಂದನ್ನು ಮಾರುತ್ತಿತ್ತು. ಮನೆಗಳಲ್ಲಿ ಕಲ್ಲಿದ್ದಲು ಉರಿಸುವುದು ಕಡಿಮೆಯಾಗಿ ಅದಕ್ಕೆ ಗಿರಾಕಿಗಳಿಲ್ಲದಂತಾದಾಗ, 1956ರಲ್ಲಿ ಅದೇ ಮುದ್ದೆ 'ಪ್ಲೇ-ಡೋ' ಎಂಬ ಮಕ್ಕಳ ಆಟಿಕೆಯಾಯಿತು. ಗೋಧಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಕೈಗೆ ಅಂಟದಂತೆ ನಾದಿ, ಬಣ್ಣ ಹಚ್ಚಿದ ಗೋಡೆಯ ಮೇಲೆ ಒತ್ತಿ ಎತ್ತಬೇಕು. ಕಪ್ಪಾದ ಮೈಯನ್ನು ಒಳಕ್ಕೆ ಮಡಿಸಿ ಮತ್ತೆ ಒತ್ತಬೇಕು, ಎಳೆಯಬಾರದು, ಉಜ್ಜಬಾರದು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಬೇಕು. ಜಿಡ್ಡನ್ನೆಲ್ಲ ಇದು ತೆಗೆಯಲಾರದು. ಸಡಿಲವಾದ ಮಸಿಯನ್ನು ಮಾತ್ರ ಹರಡದಂತೆ ಎತ್ತಿಕೊಳ್ಳುತ್ತದೆ.

ಒಣ ಕೆಲಸ ಮುಗಿದ ಮೇಲೆ ನೀರಿನ ಸರದಿ. ಜಿಡ್ಡಿಗೆ ಕ್ಷಾರವೇ ವೈರಿ; ಕ್ಷಾರ ಮತ್ತು ಕೊಬ್ಬು ಕೂಡಿದರೆ ಸಾಬೂನಾಗಿ ನೀರಿನೊಡನೆ ಹರಿದುಹೋಗುತ್ತದೆ. ನಾಲ್ಕು ಲೀಟರು ಬೆಚ್ಚನೆಯ ನೀರಿಗೆ ನಾಲ್ಕು ಚಮಚ ವಾಷಿಂಗ್ ಸೋಡ, ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿದರೆ ಸಾಕು. ಎರಡು ಬಕೆಟ್ಟುಗಳಿರಲಿ: ಒಂದರಲ್ಲಿ ಸೋಡದ ನೀರು, ಇನ್ನೊಂದರಲ್ಲಿ ಬರಿಯ ನೀರು. ಒಣ ಕೆಲಸ ಮೇಲಿನಿಂದ ಕೆಳಕ್ಕಾದರೆ ಗೋಡೆ ತೊಳೆಯುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಇಳಿದ ಕೊಳೆನೀರು ಒಣ ಮಸಿಯ ಮೇಲೆ ಹರಿದರೆ ಬೀಳುವ ಗೆರೆಗಳು ಸುಲಭವಾಗಿ ಹೋಗುವುದಿಲ್ಲ. ಆಗಲೇ ತೊಳೆದು ಒದ್ದೆಯಾಗಿರುವ ಗೋಡೆಯ ಮೇಲೆ ಹರಿದರೆ ಒಂದು ಬಾರಿ ಒರೆಸಿದರೂ ಹೋಗುತ್ತವೆ. ಶೀಘ್ರವಾಗಿ ಮುಗಿಯಲೆಂದು ಬ್ಲೀಚಿಂಗ್ ದ್ರವಕ್ಕೆ ಆಮ್ಲವನ್ನಾಗಲಿ ಅಮೋನಿಯವನ್ನಾಗಲಿ ಬೆರೆಸಕೂಡದು. ಆಗ ಏಳುವ ವಿಷವಾಯು ಬೆಂಕಿಗಿಂತ ಕ್ರೂರವಾದುದು.

ಎಲ್ಲ ಗೋಡೆಗಳಿಗೂ ಒಂದೇ ಚಿಕಿತ್ಸೆ ಸಲ್ಲದು. ಆಯಿಲ್ ಪೇಂಟಿನ ಗೋಡೆ, ಟೈಲು, ಕಡಪಾ ಕಲ್ಲು ಈ ತೊಳೆತವನ್ನು ತಡೆದುಕೊಳ್ಳುತ್ತವೆ. ಸಾಮಾನ್ಯ ಡಿಸ್ಟೆಂಪರು ನೀರಿಗೆ ಕರಗಿ ಕೆಸರಾಗುತ್ತದೆ. ಅದನ್ನು ಕೆರೆದು ತೆಗೆಯಬೇಕು. ಸುಣ್ಣದ ಗೋಡೆಯನ್ನೂ ಹೀಗೆಯೇ ಕೆರೆದು ಹೊಸ ಸುಣ್ಣ ಕಾಣಿಸಬೇಕು. ಹಳೆಯ ಮಣ್ಣಿನ ಗೋಡೆಗೆ ನೀರು ಸೋಕಿಸದೆ, ಮಸಿ ಹಿಡಿದ ಪದರವನ್ನು ಕೆರೆದು ಮತ್ತೆ ಸಾರಿಸುವುದೇ ಸರಿ. ಮಸಿಯ ಮೇಲೆಯೇ ಸುಣ್ಣ ಬಳಿದು ಮುಚ್ಚುವ ಉಪಾಯ ಮಾತ್ರ ಎಲ್ಲಿಯೂ ಫಲಿಸದು. ಜಿಡ್ಡಿನ ಮೇಲೆ ಸುಣ್ಣ ಕಚ್ಚುವುದಿಲ್ಲ. ಕಚ್ಚಿದಂತೆ ಕಂಡರೂ ಕೆಲವು ದಿನಗಳಲ್ಲಿ ಕಂದು ಬಣ್ಣ ಒಸರಿ ಬರುತ್ತದೆ. ತೊಳೆದರೂ ಕಲೆ ಉಳಿದ ಪೇಂಟಿನ ಗೋಡೆಗೆ, ಅದು ಪೂರ್ಣ ಒಣಗಿದ ಮೇಲೆ, ಅರಗಿನಿಂದ ತಯಾರಿಸಿದ ಪ್ರೈಮರನ್ನು ಹಚ್ಚಿಸಿ ಅನಂತರ ಬಣ್ಣ ಕೊಡಿಸಿದರೆ ಕಲೆ, ವಾಸನೆ ಎರಡೂ ಒಳಗೇ ಉಳಿಯುತ್ತವೆ.

ಪಾತ್ರೆ ಪದಾರ್ಥಗಳಲ್ಲಿಯೂ ವಿವೇಚನೆ ಬೇಕು. ಸ್ಟೀಲಿನ ಪಾತ್ರೆಗಳಿಗೆ ಸೋಡದ ಬಿಸಿನೀರು ಒಳ್ಳೆಯದು. ಅಲ್ಯೂಮಿನಿಯಮ್ಮನ್ನು ಅದು ತಿಂದು ಕಪ್ಪಾಗಿಸುತ್ತದೆ, ಅದಕ್ಕೆ ಸಾಬೂನೇ ಸಾಕು. ಹಿತ್ತಾಳೆ ತಾಮ್ರಗಳ ಮೇಲೆ ಮಸಿಯನ್ನು ಬಹಳ ದಿನ ಬಿಡಬಾರದು; ಜಿಡ್ಡು ತೆಗೆದು ಹುಣಿಸೆಹಣ್ಣಿನಿಂದ ತಿಕ್ಕಬೇಕು. ತೆರೆದಿದ್ದ ಹಿಟ್ಟು, ಕರಿದ ತಿಂಡಿ, ತರಕಾರಿಗಳ ಮೇಲೆ ಮಸಿ ಬಿದ್ದಿದ್ದರೆ ಮರುಗದೆ ಚೆಲ್ಲಬೇಕು. ಝಳಕ್ಕೆ ಮೆತ್ತಗಾದ ಪ್ಲಾಸ್ಟಿಕ್ ಡಬ್ಬಿಯೊಳಗಿನ ಪದಾರ್ಥವನ್ನೂ ಉಳಿಸಬಾರದು. ಪರದೆ, ಬಟ್ಟೆಗಳನ್ನು ಹೊರಗೆ ಕೊಡವಿ, ಸೋಡ ಬೆರೆಸಿದ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ವಾಸನೆ ಹೋಗುವ ತನಕ ಇಸ್ತ್ರಿ ಮಾಡಬಾರದು. ವಾಸನೆಗೆಂದು ಊದಿನಕಡ್ಡಿ ಹಚ್ಚುವುದು ಹೊಗೆಯ ಮೇಲೆ ಹೊಗೆ ಹಾಕಿದಂತೆ. ಅಗಲವಾದ ತಟ್ಟೆಗಳಲ್ಲಿ ಅಡುಗೆ ಸೋಡ ಅಥವಾ ಇದ್ದಿಲಿನ ತುಂಡುಗಳನ್ನಿಟ್ಟು, ಗಾಳಿಯಾಡಲು ಬಿಟ್ಟರೆ ಅದು ತಾನಾಗಿ ಇಳಿಯುತ್ತದೆ.

ಇಷ್ಟೆಲ್ಲ ಶ್ರಮಕ್ಕೆ ಕಾರಣವಾದ ಎಣ್ಣೆಯ ಸ್ವಭಾವವನ್ನೂ ಅರಿತಿರಬೇಕು. ಕರದಂಟಿಗೆ ಹೆಸರಾದ ಗೋಕಾಕದ ಸೀಮೆಯಲ್ಲಿ ಕರಿಯುವುದು ಹೊಸ ವಿದ್ಯೆಯಲ್ಲ; ಅಂಟನ್ನು ತುಪ್ಪದಲ್ಲಿ ಕರಿಯುವುದರಿಂದಲೇ ಆ ತಿನಿಸಿಗೆ ಆ ಹೆಸರು. ಬಳಕೆ ಹೆಚ್ಚಿದಷ್ಟೂ ಭಯ ಕಡಿಮೆಯಾಗುವುದು ಸಹಜ. ಕರಿಯಲು 170ರಿಂದ 190 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ರಿಫೈನ್ಡ್ ಶೇಂಗಾ ಎಣ್ಣೆ ಸುಮಾರು 230 ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಗಾಣದ ಎಣ್ಣೆ ಅದಕ್ಕೂ ಮೊದಲೇ. 350 ಡಿಗ್ರಿಯ ಆಸುಪಾಸನ್ನು ದಾಟಿದರೆ ಕಿಡಿಯೇ ಬೇಕಿಲ್ಲ, ತಾನಾಗಿ ಹೊತ್ತಿಕೊಳ್ಳುತ್ತದೆ. ಹೊಗೆ ಎಂದರೆ ಎಣ್ಣೆ ಕೊಡುವ ಎಚ್ಚರಿಕೆ. ಅದನ್ನು ಕಂಡೊಡನೆ ಉರಿ ಆರಿಸಬೇಕು. ಹೊತ್ತಿದ ಎಣ್ಣೆಗೆ ನೀರು ಸುರಿದರೆ ಅದು ಎಣ್ಣೆಯಡಿಗೆ ಇಳಿದು, ಕ್ಷಣದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಉಗಿಯಾಗಿ, ಉರಿಯುವ ಎಣ್ಣೆಯನ್ನು ಮಾಳಿಗೆಯವರೆಗೂ ಚಿಮ್ಮಿಸುತ್ತದೆ. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದೂ ಅಷ್ಟೇ ಅಪಾಯ. ಉರಿ ಆರಿಸಿ, ಮುಚ್ಚಳ ಮುಚ್ಚಿ, ಪೂರ್ಣ ತಣ್ಣಗಾಗುವವರೆಗೆ ತೆರೆಯದಿರುವುದೇ ಕ್ರಮ. ಕೈಮೀರುವಂತಿದ್ದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆಯಬೇಕು. ಕರಿಯಲು ಕುಳಿತಾಗಲೆಲ್ಲ ಬಾಣಲೆಗೆ ಒಪ್ಪುವ ಲೋಹದ ಮುಚ್ಚಳ ಕೈಗೆಟಕುವಲ್ಲಿರಲಿ. ಚಿಮಣಿಯ ಜಾಲರಿಯ ಜಿಡ್ಡನ್ನೂ ಆಗಾಗ ತೊಳೆಯುತ್ತಿರಲಿ.

ನಾಗನೂರಿನ ಆ ಮನೆಯಲ್ಲಿ ಗೋಡೆ ಹಬ್ಬದೊಳಗೆ ಬಿಳಿದಾಗಲಿಲ್ಲ. ಅತ್ತೆ ಸೊಸೆಯರು ಒಣ ಮಸಿಯನ್ನಷ್ಟೇ ತೆಗೆದು, ಬೆಳಕಿಂಡಿ ತೆರೆದು, ಆ ಎರಡು ದಿನ ಹಿತ್ತಲಿನ ಒಲೆಯಲ್ಲಿ ಅಡುಗೆ ಮಾಡಿದರು. ಪಾಡ್ಯ ಕಳೆದ ಮೇಲೆ ಸಾವಕಾಶವಾಗಿ ಗೋಡೆ ತೊಳೆದರು. ಹಬ್ಬಕ್ಕೆ ಬಂದ ನೆಂಟರು ಕಪ್ಪು ಗೋಡೆಯನ್ನು ಕಂಡು ಕೇಳಿದರು. ಅತ್ತೆ ನಡೆದದ್ದನ್ನು ಮುಚ್ಚಿಡದೆ ಹೇಳಿದರು, ಸೊಸೆ ತಾಟು ಮುಚ್ಚಿದ ಜಾಣತನವನ್ನೂ ಸೇರಿಸಿ ಹೇಳಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಿದೆ. ಅಡುಗೆಮನೆಯಲ್ಲಿ ಆ ಆತುರವನ್ನು ಹುಟ್ಟಿಸುವುದು ಬಹುಪಾಲು ನಾಚಿಕೆಯೇ. ಯಾರಾದರೂ ಬೈದಾರೆಂಬ ಅಂಜಿಕೆಯಿಲ್ಲದ ಮನೆಯಲ್ಲಿ ಸುಟ್ಟ ಕೈಗೆ ಬೇಗ ನೀರು ಬೀಳುತ್ತದೆ, ಮಸಿ ಬಿದ್ದ ಗೋಡೆಗೆ ನಿಧಾನವಾಗಿ.