ಚಂದಾ ಬಿಡಿಸುವುದನ್ನೂ ಕಲಿಸೋಣ: ಜಾವಾಸ್ಕ್ರಿಪ್ಟ್ ಪಾಠದಲ್ಲಿ ಈವೆಂಟ್ ಬಸ್

ಕಂಪ್ಯೂಟರ್ ವಿಜ್ಞಾನವನ್ನು ಬೋಧನಾ ವಿಷಯವಾಗಿ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ಈವೆಂಟ್ ಬಸ್ ಕುರಿತ ಒಂದು ವಾಕ್ಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ: ‘ಈವೆಂಟ್ ಬಸ್ ಬಳಸುವುದರಿಂದ ತಂತ್ರಾಂಶದ ಭಾಗಗಳ ನಡುವಿನ ಅವಲಂಬನೆ ಇಲ್ಲವಾಗುತ್ತದೆ.’ ಕಲಿಕಾ ಫಲದ ಅಂಕಣದಲ್ಲೂ ಇದೇ, ಕಪ್ಪು ಹಲಗೆಯ ಸಾರಾಂಶದಲ್ಲೂ ಇದೇ. ಈ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಅವಲಂಬನೆ ಹಾಗೆಯೇ ಉಳಿದಿರುತ್ತದೆ. ಕಣ್ಣಿಗೆ ಬೀಳುವುದು ಮಾತ್ರ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ತಿಳಿಸಿಕೊಡದ ಪಾಠ, ಎಷ್ಟೇ ಅಚ್ಚುಕಟ್ಟಾಗಿ ನಡೆದರೂ, ಅರ್ಧ ಪಾಠವೆಂದೇ ನನ್ನ ಅಭಿಪ್ರಾಯ.

ಒಂದು ಉದಾಹರಣೆಯಿಂದ ಹೊರಡೋಣ. ತರಗತಿಯ ಹಾಜರಿ ಹಾಕುವ ಜಾಲಪುಟವೊಂದಿದೆ ಎಂದುಕೊಳ್ಳಿ. ಶಿಕ್ಷಕರು ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಗುರುತು ಹಾಕಿದ ಕೂಡಲೇ ಪುಟದ ಮೂರು ಕಡೆ ಬದಲಾವಣೆ ಆಗಬೇಕು: ಒಟ್ಟು ಹಾಜರಿ, ಗೈರುಹಾಜರಾದವರ ಪಟ್ಟಿ, ಬಿಸಿಯೂಟದ ಲೆಕ್ಕ. ಹಾಜರಿಯ ಫಂಕ್ಷನ್ ಈ ಮೂರನ್ನೂ ಹೆಸರು ಹಿಡಿದು ನೇರವಾಗಿ ಕರೆಯಬಹುದು. ಆದರೆ ನಾಳೆ ನಾಲ್ಕನೆಯದೊಂದು ಸೇರಿದರೆ ಆ ಫಂಕ್ಷನ್ನನ್ನೇ ತಿದ್ದಬೇಕಾಗುತ್ತದೆ. ಇಲ್ಲಿ ಈವೆಂಟ್ ಬಸ್ ನೆರವಿಗೆ ಬರುತ್ತದೆ. ಹಾಜರಿಯ ಭಾಗ ‘ಹಾಜರಿ-ಬದಲಾಯಿತು’ ಎಂಬ ಹೆಸರಿನಲ್ಲಿ ಸುದ್ದಿಯನ್ನು ಬಸ್ಸಿಗೆ ಕೊಡುತ್ತದೆ. ಆ ಹೆಸರಿಗೆ ಮೊದಲೇ ಚಂದಾ ಮಾಡಿಸಿದ್ದ ಫಂಕ್ಷನ್‌ಗಳನ್ನೆಲ್ಲ ಬಸ್ ಕರೆಯುತ್ತದೆ. ಸುದ್ದಿ ಕೊಟ್ಟ ಭಾಗಕ್ಕೆ ಪಡೆದವರು ಯಾರೆಂದು ಗೊತ್ತಿರಬೇಕಾಗಿಲ್ಲ.

ಈ ಆಲೋಚನೆ ಹೊಸದೇನಲ್ಲ. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೆಸ್ ಎಂಬ ನಾಲ್ವರು 1994ರಲ್ಲಿ ಪ್ರಕಟಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥದಲ್ಲಿ ‘ಅಬ್ಸರ್ವರ್’ ಎಂಬ ವಿನ್ಯಾಸಕ್ಕೆ ‘ಪಬ್ಲಿಶ್-ಸಬ್‌ಸ್ಕ್ರೈಬ್’ ಎಂಬ ಇನ್ನೊಂದು ಹೆಸರೂ ಇದೆ. ಅಲ್ಲಿ ಸುದ್ದಿ ಕೊಡುವ ವಸ್ತುವೇ ತನ್ನ ಚಂದಾದಾರರ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಈವೆಂಟ್ ಬಸ್ಸಿನಲ್ಲಿ ಆ ಪಟ್ಟಿ ಮೂರನೆಯವರ ಕೈ ಸೇರುತ್ತದೆ. ಅನುಕೂಲ ಇರುವುದೂ ತೊಂದರೆ ಹುಟ್ಟುವುದೂ ಈ ಒಂದು ಬದಲಾವಣೆಯಿಂದ.

ಪರಿಕಲ್ಪನೆ ಪರಿಚಯಿಸಲು ನಮ್ಮ ಪ್ರಶಿಕ್ಷಣಾರ್ಥಿಗಳು ದಿನಪತ್ರಿಕೆಯ ಹೋಲಿಕೆಯನ್ನು ಆಯ್ದುಕೊಳ್ಳುತ್ತಾರೆ. ಹೋಲಿಕೆ ಒಳ್ಳೆಯದೇ, ಆದರೆ ಅದನ್ನು ಕೊನೆಯವರೆಗೂ ಎಳೆದು ನೋಡುವುದಿಲ್ಲ. ಇಂದು ಚಂದಾ ಕಟ್ಟಿದವನಿಗೆ ನಿನ್ನೆಯ ಪತ್ರಿಕೆ ಬರುವುದಿಲ್ಲ. ಸಾಮಾನ್ಯ ಈವೆಂಟ್ ಬಸ್ಸಿನಲ್ಲೂ ತಡವಾಗಿ ಸೇರಿದವನಿಗೆ ಹಿಂದಿನ ಸುದ್ದಿ ಸಿಗದು. ಮನೆ ಖಾಲಿ ಮಾಡಿ ಹೋದವನು ಪತ್ರಿಕೆ ನಿಲ್ಲಿಸಲು ಹೇಳದಿದ್ದರೆ ಬೀಗ ಹಾಕಿದ ಬಾಗಿಲ ಮುಂದೆ ಪತ್ರಿಕೆಗಳು ರಾಶಿ ಬೀಳುತ್ತವೆ, ಬಸ್ಸಿನಲ್ಲೂ ಹಾಗೆಯೇ. ಒಂದು ಕಡೆ ಮಾತ್ರ ಹೋಲಿಕೆ ಕೈಕೊಡುತ್ತದೆ. ಪತ್ರಿಕೆ ಹಾಕಿದ ಹುಡುಗ ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲಿ ಕಾಯುವುದಿಲ್ಲ. ಆದರೆ ನೋಡ್‌ನ ‘ಈವೆಂಟ್‌ಎಮಿಟರ್’ ಆಗಲಿ, ಬ್ರೌಸರಿನ ‘ಡಿಸ್ಪ್ಯಾಚ್‌ಈವೆಂಟ್’ ಆಗಲಿ ಚಂದಾದಾರರನ್ನು ಒಬ್ಬೊಬ್ಬರಂತೆ ಸರದಿಯಲ್ಲಿ ಕರೆದು, ಎಲ್ಲರ ಕೆಲಸ ಮುಗಿದ ಮೇಲೆಯೇ ಮುಂದಿನ ಸಾಲಿಗೆ ಹೋಗುತ್ತದೆ. ‘ಸುದ್ದಿ ಕೊಟ್ಟು ಮರೆತುಬಿಡಬಹುದು’ ಎಂದು ಹೇಳಿಕೊಟ್ಟರೆ ಕಲಿಯುವವರ ಮನಸ್ಸಿನಲ್ಲಿ ತಪ್ಪು ಚಿತ್ರ ನಿಲ್ಲುತ್ತದೆ.

ಹಾಗಾದರೆ ಪಾಠದಲ್ಲಿ ಏನಿರಬೇಕು? ಮೊದಲನೆಯದಾಗಿ, ಸಿದ್ಧ ಲೈಬ್ರರಿ ಬೇಡ. ಕಲಿಯುವವರೇ ಬಸ್ಸನ್ನು ಬರೆಯಲಿ. ಒಂದು ‘ಮ್ಯಾಪ್’, ಅದರಲ್ಲಿ ಪ್ರತಿ ಹೆಸರಿಗೂ ಫಂಕ್ಷನ್‌ಗಳ ಒಂದು ಪಟ್ಟಿ. ಚಂದಾ ಮಾಡಿಸಲು ‘ಆನ್’, ಬಿಡಿಸಲು ‘ಆಫ್’, ಸುದ್ದಿ ಕೊಡಲು ‘ಎಮಿಟ್’. ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ. ಹೀಗೆ ಬರೆದವರಿಗೆ ಬಸ್ಸೆಂದರೆ ಮಾಯಾಪೆಟ್ಟಿಗೆಯಲ್ಲ, ಒಂದು ಪಟ್ಟಿ ಮತ್ತು ಒಂದು ಲೂಪ್ ಎಂಬುದು ಕೈಯಿಂದಲೇ ತಿಳಿಯುತ್ತದೆ.

ಎರಡನೆಯದು, ಹೆಸರಿನ ಅಪಾಯ. ಸುದ್ದಿಯ ಹೆಸರು ಬರೀ ಅಕ್ಷರಮಾಲೆ; ಜಾವಾಸ್ಕ್ರಿಪ್ಟ್‌ನಲ್ಲಿ ಅದನ್ನು ಕನ್ನಡದಲ್ಲೇ ಬರೆಯಬಹುದು. ಒಬ್ಬರು ‘ಹಾಜರಿ-ಬದಲಾಯಿತು’ ಎಂದು ಸುದ್ದಿ ಕೊಡಲಿ, ಇನ್ನೊಬ್ಬರು ‘ಹಾಜರಿ-ಬದಲಾಯ್ತು’ ಎಂದು ಚಂದಾ ಮಾಡಿಸಲಿ. ಓದುವ ನಮಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇಲ್ಲದ ಫಂಕ್ಷನ್ನನ್ನು ನೇರವಾಗಿ ಕರೆದಿದ್ದರೆ ದೋಷದ ಸೂಚನೆ ಬರುತ್ತಿತ್ತು; ಬಸ್ಸಿನಲ್ಲಿ ಬರುವುದು ಬರೀ ಮೌನ. ಬಿಸಿಯೂಟದ ಲೆಕ್ಕ ಸೊನ್ನೆಯಲ್ಲೇ ನಿಂತಿರುತ್ತದೆ, ಪರದೆಯ ಮೇಲೆ ಒಂದೂ ಕೆಂಪು ಸಾಲಿಲ್ಲ. ಹೆಸರುಗಳನ್ನೆಲ್ಲ ಒಂದೇ ಕಡೆ ಸ್ಥಿರಾಂಕಗಳಾಗಿ ಬರೆದಿಡಬೇಕು ಎಂಬ ನಿಯಮ ಈ ಮೌನವನ್ನು ಕಂಡವರಿಗೆ ಮಾತ್ರ ಅರ್ಥವಾಗುತ್ತದೆ.

ಹೆಸರಿನ ವಿಷಯದಲ್ಲಿ ಕನ್ನಡ ವ್ಯಾಕರಣವೂ ನಮ್ಮ ನೆರವಿಗಿದೆ. ‘ಹಾಜರಿ-ಬದಲಾಯಿತು’ ಎಂಬುದು ಭೂತಕಾಲ. ನಡೆದದ್ದನ್ನು ತಿಳಿಸುತ್ತದೆ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ‘ಊಟದ-ಲೆಕ್ಕ-ತಿದ್ದು’ ಎಂಬುದು ಆಜ್ಞೆ. ಕೇಳುವವನು ಯಾರೆಂದು ಆಗಲೇ ನಿರ್ಧರಿಸಿಬಿಟ್ಟಿದೆ. ಆಜ್ಞೆಯ ಹೆಸರು ಬರೆಯುವ ಸಂದರ್ಭ ಬಂದರೆ ಅಲ್ಲಿ ಬಸ್ ಬೇಡ, ನೇರ ಕರೆಯೇ ಸಾಕು ಎಂದು ಹೇಳಿಕೊಡಬಹುದು.

ಮೂರನೆಯದು, ಚಂದಾ ಬಿಡಿಸುವುದು. ಊಟದ ಲೆಕ್ಕದ ಫಲಕವನ್ನು ತೆರೆದಾಗಲೆಲ್ಲ ಅದು ಚಂದಾ ಮಾಡಿಸುತ್ತದೆ, ಮುಚ್ಚಿದಾಗ ಬಿಡಿಸುವುದಿಲ್ಲ ಎಂದಿಟ್ಟುಕೊಳ್ಳಿ. ಮೂರು ಬಾರಿ ತೆರೆದು ಮುಚ್ಚಿ ಒಬ್ಬ ವಿದ್ಯಾರ್ಥಿಗೆ ಹಾಜರಿ ಹಾಕಿದರೆ, ಒಂದೇ ಎಣಿಕೆಗೆ ಮೂರು ಫಂಕ್ಷನ್‌ಗಳು ಒಂದೊಂದು ಕೂಡಿಸುತ್ತವೆ. ಬಂದವನು ಒಬ್ಬ, ಊಟ ಮೂವರಿಗೆ. ಹಳೆಯ ಫಂಕ್ಷನ್‌ಗಳನ್ನು ಬಸ್ ಹಿಡಿದುಕೊಂಡಿರುವುದರಿಂದ ಅವು ಬಳಸುವ ಸ್ಮೃತಿಯೂ ಬಿಡುಗಡೆಯಾಗದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಆನ್’ ಮಾಡುವಾಗ ಹೆಸರಿಲ್ಲದ ಫಂಕ್ಷನ್ನೊಂದನ್ನು ಅಲ್ಲೇ ಬರೆದು, ‘ಆಫ್’ ಮಾಡುವಾಗ ಅದೇ ಸಾಲನ್ನು ಮತ್ತೆ ಬರೆದರೆ ಏನೂ ಬಿಡುಗಡೆಯಾಗುವುದಿಲ್ಲ. ನೋಡಲು ಒಂದೇ ಆದರೂ ಜಾವಾಸ್ಕ್ರಿಪ್ಟ್‌ಗೆ ಅವು ಎರಡು ಬೇರೆ ಫಂಕ್ಷನ್‌ಗಳು. ನೋಡ್‌ನಲ್ಲಿ ಒಂದೇ ಸುದ್ದಿಗೆ ಹತ್ತಕ್ಕಿಂತ ಹೆಚ್ಚು ಚಂದಾದಾರರು ಸೇರಿದರೆ ಎಚ್ಚರಿಕೆಯ ಸಾಲೊಂದು ಬರುವಂತೆ ಮಾಡಿರುವುದು ಇಂಥ ಸೋರಿಕೆಯ ಸುಳಿವು ಸಿಗಲಿ ಎಂದೇ.

ನಾಲ್ಕನೆಯದು, ನಡುವೆ ಒಬ್ಬ ಎಡವಿದರೆ ಏನಾಗುತ್ತದೆ ಎಂಬ ಪ್ರಶ್ನೆ. ನಾವೇ ಬರೆದ ಸರಳ ಬಸ್ಸಿನಲ್ಲಿ ಗೈರು ಪಟ್ಟಿಯ ಫಂಕ್ಷನ್ ದೋಷ ಎಸೆದರೆ ಅದರ ಹಿಂದಿದ್ದ ಊಟದ ಲೆಕ್ಕಕ್ಕೆ ಸುದ್ದಿ ತಲುಪುವುದೇ ಇಲ್ಲ. ನೋಡ್‌ನಲ್ಲೂ ಹಾಗೆಯೇ. ಬ್ರೌಸರಿನ ‘ಈವೆಂಟ್‌ಟಾರ್ಗೆಟ್’ ಮಾತ್ರ ದೋಷವನ್ನು ವರದಿ ಮಾಡಿ ಉಳಿದವರನ್ನು ಕರೆಯುವುದನ್ನು ಮುಂದುವರಿಸುತ್ತದೆ. ಪರಸ್ಪರ ಗುರುತೇ ಇಲ್ಲದ ಎರಡು ಭಾಗಗಳಲ್ಲಿ ಒಂದರ ತಪ್ಪು ಇನ್ನೊಂದನ್ನು ನಿಲ್ಲಿಸುತ್ತದೆ ಎಂದ ಮೇಲೆ ಅವಲಂಬನೆ ಇಲ್ಲವಾಯಿತು ಎನ್ನುವುದು ಹೇಗೆ?

ತಂತ್ರಾಂಶ ಲೋಕವೂ ಇದೇ ದಾರಿಯಲ್ಲಿ ಕಲಿತಿದೆ. ವ್ಯೂ ಎಂಬ ಚೌಕಟ್ಟಿನ ಎರಡನೆಯ ಆವೃತ್ತಿಯಲ್ಲಿ ಖಾಲಿ ವ್ಯೂ ವಸ್ತುವೊಂದನ್ನು ಇಡೀ ಪುಟದ ಈವೆಂಟ್ ಬಸ್ಸಾಗಿ ಬಳಸುವ ರೂಢಿ ಇತ್ತು. 2020ರ ಸೆಪ್ಟೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಬೇಕಾದ ‘ಆನ್’, ‘ಆಫ್’, ‘ವನ್ಸ್’ ವಿಧಾನಗಳನ್ನೇ ತೆಗೆದುಹಾಕಲಾಯಿತು. ಅಗತ್ಯವಿದ್ದವರು ‘ಮಿಟ್’ನಂಥ ಪುಟ್ಟ ಲೈಬ್ರರಿ ಬಳಸಬಹುದು, ಆದರೆ ಬಹುತೇಕ ಸಂದರ್ಭಗಳಲ್ಲಿ ಎಲ್ಲರಿಗೂ ಒಂದೇ ಬಸ್ ಎಂಬ ಪದ್ಧತಿ ನಿರ್ವಹಣೆಗೆ ತಲೆನೋವು ಎಂಬುದು ಅದರ ಅಧಿಕೃತ ಮಾರ್ಗದರ್ಶಿಯ ನಿಲುವು. ಹಿರಿಯ ಭಾಗ ಕಿರಿಯದಕ್ಕೆ ಮೌಲ್ಯ ಕೊಡುವುದು, ಕಿರಿಯದು ಹಿರಿಯದಕ್ಕೆ ಸುದ್ದಿ ಕೊಡುವುದು, ಇಲ್ಲವೇ ಹಂಚಿಕೊಂಡ ದತ್ತಾಂಶವನ್ನು ಒಂದೇ ಕಡೆ ಇಡುವುದು ಅಲ್ಲಿ ಸೂಚಿಸಿರುವ ಬದಲಿ ದಾರಿಗಳು.

ಇದರಿಂದ ಈವೆಂಟ್ ಬಸ್ಸನ್ನು ಪಾಠದಿಂದ ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ದೂರದ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಭಾಗಗಳಿಗೆ ಒಂದು ಘಟನೆ ತಿಳಿಯಬೇಕಾದಾಗ ಅದು ಸರಿಯಾದ ಸಾಧನವೇ. ಅದನ್ನು ಬಳಸುವವರಿಗೆ ಬೆಲೆಯೂ ಗೊತ್ತಿರಲಿ ಎಂಬುದಷ್ಟೇ ನನ್ನ ವಾದ.

‘ನಲವತ್ತು ನಿಮಿಷದ ಅವಧಿಯಲ್ಲಿ ಇಷ್ಟೆಲ್ಲ ಸಾಧ್ಯವೇ? ಹೊಸಬರಿಗೆ ಗೊಂದಲವಾಗುವುದಿಲ್ಲವೇ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ನನ್ನ ಸಲಹೆ ಎರಡು ಅವಧಿ. ಮೊದಲನೆಯದರಲ್ಲಿ ಬಸ್ ಬರೆದು ಹಾಜರಿ ಪುಟ ನಡೆಸಲಿ. ಎರಡನೆಯದರಲ್ಲಿ ಶಿಕ್ಷಕರು ಮೇಲಿನ ಮೂರು ತೊಡಕುಗಳಲ್ಲಿ ಒಂದನ್ನು ಸದ್ದಿಲ್ಲದೆ ಸೇರಿಸಿದ ಪುಟವನ್ನು ಗುಂಪುಗಳಿಗೆ ಕೊಡಲಿ. ಸುದ್ದಿ ಎಲ್ಲಿ ಕಳೆಯಿತೆಂದು ಅವರೇ ಹುಡುಕಲಿ. ‘ಎಮಿಟ್’ ಒಳಗೆ ಹೆಸರನ್ನೂ ಚಂದಾದಾರರ ಸಂಖ್ಯೆಯನ್ನೂ ಮುದ್ರಿಸುವ ಒಂದು ಸಾಲು ಸೇರಿಸಿದರೆ ದಾರಿ ಸಿಗುತ್ತದೆ ಎಂಬ ಸುಳಿವು ಸಾಕು.

ಕೊನೆಯ ಮಾತು ಮಾರ್ಗದರ್ಶಕ ಉಪನ್ಯಾಸಕರಿಗೆ. ಪಾಠ ವೀಕ್ಷಣೆಗೆ ನಾವು ಹಿಂದಿನ ಬೆಂಚಿನಲ್ಲಿ ಕುಳಿತಾಗ ಪ್ರಾತ್ಯಕ್ಷಿಕೆ ಎಡವಿದರೆ ಅಂಕ ಹೋಗುತ್ತದೆ ಎಂಬ ಭಯ ಪ್ರಶಿಕ್ಷಣಾರ್ಥಿಗೆ ಇದ್ದೇ ಇರುತ್ತದೆ. ಹಾಗಾಗಿ ಅವರು ನೂರು ಸಲ ಪರೀಕ್ಷಿಸಿದ, ಎಲ್ಲೂ ತಪ್ಪದ ಪ್ರೋಗ್ರಾಂ ತರುತ್ತಾರೆ. ತಪ್ಪದ ಪ್ರೋಗ್ರಾಂನಲ್ಲಿ ಈವೆಂಟ್ ಬಸ್ಸಿನ ಅರ್ಧ ಗುಣ ಅಡಗಿಯೇ ಉಳಿಯುತ್ತದೆ. ಇದನ್ನು ಬದಲಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಬೋಧನಾಭ್ಯಾಸಕ್ಕೆ ವೀಕ್ಷಣಾ ಪತ್ರದಲ್ಲಿ ಒಂದು ಸಾಲು ಸೇರಿಸಿಕೊಳ್ಳೋಣ: ‘ಉದ್ದೇಶಪೂರ್ವಕವಾಗಿ ಕೆಡಿಸಿದ ಪ್ರೋಗ್ರಾಂನ ದೋಷವನ್ನು ಕಲಿಯುವವರೇ ಪತ್ತೆ ಮಾಡುವ ಅವಕಾಶ ಪಾಠದಲ್ಲಿತ್ತೇ?’ ಆ ಸಾಲಿಗೆ ಅಂಕವನ್ನೂ ಇಡೋಣ.