ನಮ್ಮ ಶುದ್ಧಿ, ನೆರೆಯವರ ಬಾವಿ

ಕರ್ಮಶಾಸ್ತ್ರದ ಗ್ರಂಥಗಳು ಶುದ್ಧಿಯ ಅಧ್ಯಾಯದಿಂದ ಆರಂಭವಾಗುತ್ತವೆ. ನಮಾಝ್‌ಗಿಂತ ಮೊದಲು ವುಝೂ, ವುಝೂಗಿಂತ ಮೊದಲು ನೀರು. ಈ ಪಾಠವನ್ನು ಹಲವು ವರ್ಷಗಳಿಂದ ಮದ್ರಸದ ಮಕ್ಕಳಿಗೆ ಹೇಳುತ್ತಾ ಬಂದವನು ನಾನು. ಆದರೆ ನಮ್ಮ ಮನೆಯೊಳಗೆ ಬರುವ ನೀರಿನ ಬಗ್ಗೆ ಇಷ್ಟೆಲ್ಲ ಕಲಿಸಿದವನು, ಮನೆಯಿಂದ ಹೊರಹೋಗುವ ನೀರು ಎಲ್ಲಿ ಸೇರುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಒಂದು ಮಳೆಗಾಲದಲ್ಲಿ ನೆರೆಮನೆಯ ಹಿರಿಯ ಮಹಿಳೆಯೊಬ್ಬರು ಬಂದು, "ಉಸ್ತಾದರೇ, ನಮ್ಮ ಬಾವಿಯ ನೀರನ್ನೊಮ್ಮೆ ನೋಡಿ" ಎಂದರು. ಅವರ ಇಬ್ಬರು ಮೊಮ್ಮಕ್ಕಳಿಗೆ ಕಾಮಾಲೆಯಾಗಿತ್ತು. ನೀರು ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ. ಆದರೆ ಪರೀಕ್ಷೆಯ ಬಾಟಲಿಯಲ್ಲಿ ತುಂಬಿಸಿಟ್ಟ ನೀರು ಮರುದಿನ ಕಪ್ಪಾಯಿತು. ಮಲಿನತೆ ಸೇರಿದೆ ಎಂಬುದಕ್ಕೆ ಅದು ಸೂಚನೆ. ನಮ್ಮ ಇಂಗುಗುಂಡಿಯಿಂದ ಅವರ ಬಾವಿಗೆ ಅಳೆದು ನೋಡಿದೆ. ಮೂವತ್ತು ಅಡಿಯೂ ಇರಲಿಲ್ಲ. ಆ ಕಾಯಿಲೆಗೆ ನನ್ನ ಗುಂಡಿಯೇ ಕಾರಣವೆಂದು ಯಾರೂ ಸಾಬೀತುಪಡಿಸಿಲ್ಲ. ಅಲ್ಲವೆಂದು ಹೇಳುವ ಧೈರ್ಯ ನನಗೂ ಇಲ್ಲ.

ಹೆಚ್ಚು ನೀರಿನಲ್ಲಿ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದು ಶುದ್ಧ ಎಂಬ ವಿಧಿಯನ್ನು ನಾವು ಕಲಿತಿದ್ದೇವೆ. ಅದು ಆರಾಧನೆಗೆ ಸಂಬಂಧಿಸಿದ ವಿಧಿ. ವುಝೂ ಮಾಡಲು ಸಲ್ಲುವ ನೀರೆಲ್ಲವೂ ಕುಡಿಯಲು ಸುರಕ್ಷಿತವೆಂದು ಅದರ ಅರ್ಥವಲ್ಲ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿಗಳನ್ನು ತರುವ ರೋಗಾಣುಗಳಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಸೆಪ್ಟಿಕ್ ಟ್ಯಾಂಕ್ ಎಂದರೆ ಎಲ್ಲವನ್ನೂ ನುಂಗಿಬಿಡುವ ಗುಂಡಿಯೆಂದು ಅನೇಕರು ಭಾವಿಸಿದ್ದಾರೆ. ಅದು ನಿಜವಲ್ಲ. ಟ್ಯಾಂಕಿನಲ್ಲಿ ಭಾರವಾದದ್ದು ತಳದಲ್ಲಿ ಕೆಸರಾಗಿ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಹಾಗೆ ಹರಿಯುವ ನೀರಿನಲ್ಲಿ ರೋಗಾಣುಗಳು ಇನ್ನೂ ಇರುತ್ತವೆ. ಅವುಗಳನ್ನು ಸೋಸಬೇಕಾದದ್ದು ಮಣ್ಣು. ನಮ್ಮ ಕರಾವಳಿಯ ಮುರಕಲ್ಲಿನಲ್ಲಾದರೋ ತೂತುಗಳೂ ಬಿರುಕುಗಳೂ ಹೆಚ್ಚು. ನೀರು ಸೋಸಿಕೊಳ್ಳುವ ಮೊದಲೇ ದಾಟಿಬಿಡುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಗುಂಡಿಯ ತಳವನ್ನೇ ಮುಟ್ಟುತ್ತದೆ. ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕೆಂದು ಭಾರತೀಯ ಮಾನಕ ಹೇಳುವುದು ಇದಕ್ಕಾಗಿಯೇ.

ತಳದ ಕೆಸರನ್ನು ಎರಡು ಮೂರು ವರ್ಷಗಳಿಗೊಮ್ಮೆ ತೆಗೆಸಬೇಕು. "ಇಪ್ಪತ್ತು ವರ್ಷದಿಂದ ನಮ್ಮ ಟ್ಯಾಂಕ್ ತುಂಬಿಯೇ ಇಲ್ಲ" ಎಂದು ಹೆಮ್ಮೆಪಡುವವರಿದ್ದಾರೆ. ತುಂಬದಿದ್ದರೆ ಅದು ನೆಲಕ್ಕೆ ಸೋರುತ್ತಿರಬಹುದು. ಹೆಮ್ಮೆಗಿಂತ ಮೊದಲು ಪರಿಶೀಲನೆ ಆಗಬೇಕು. ಡೈಪರ್, ಪ್ಯಾಡ್, ಅಡುಗೆಯ ಎಣ್ಣೆಯನ್ನು ಕಕ್ಕಸಿಗೆ ಹಾಕಬಾರದು. ಫಿನಾಯಿಲ್, ಆ್ಯಸಿಡ್‌ಗಳನ್ನು ಮಿತಿಮೀರಿ ಸುರಿದರೆ ಕೆಸರನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮಾಡಿನ ಮಳೆನೀರನ್ನು ಟ್ಯಾಂಕಿಗೆ ಬಿಡಬಾರದು.

ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಟ್ಯಾಂಕ್ ಸ್ವಚ್ಛಗೊಳಿಸಲು ಮನುಷ್ಯನನ್ನು ಇಳಿಸಬೇಡಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಿರುತ್ತದೆ. ಅದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ನಿಂತುಹೋಗಿ, ಅಪಾಯದ ಅರಿವಾಗುವ ಮೊದಲೇ ಮನುಷ್ಯ ಕುಸಿಯುತ್ತಾನೆ. ರಕ್ಷಿಸಲು ಇಳಿದವನೂ ಮರಳುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಇಂತಹ ಸಾವುಗಳಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಹಣದಿಂದ ತಂದೆ ಮರಳಿ ಬರುವನೇ? ಯಂತ್ರದ ಬಾಡಿಗೆಯಲ್ಲಿ ಕೆಲವು ಸಾವಿರ ಉಳಿಸಲು ಬಡವನೊಬ್ಬನ ಪ್ರಾಣವನ್ನು ಪಣಕ್ಕಿಡುವವನು, ಮನೆಯನ್ನು ಎಷ್ಟೇ ತೊಳೆದರೂ ಶುದ್ಧನಾಗುವುದು ಹೇಗೆ?

ನೀರಿನ ಮೂಲದ ಬಳಿ, ಜನರು ನಡೆಯುವ ದಾರಿಯಲ್ಲಿ, ದಣಿದವರು ಕೂರುವ ನೆರಳಿನಲ್ಲಿ ಮಲವಿಸರ್ಜನೆ ಮಾಡುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಬಹಿರಂಗವಾಗಿ ಮಾಡಬಾರದ್ದನ್ನು ನೆಲದಡಿಯ ಕೊಳವೆಯ ಮೂಲಕ ಮಾಡಿದರೆ ಅದು ಧರ್ಮಸಮ್ಮತವಾಗುವುದಿಲ್ಲ. ನೆರೆಯವನ ಹಕ್ಕು ಅವನ ಧರ್ಮವನ್ನು ಕೇಳಿ ನಿರ್ಧಾರವಾಗುವಂಥದ್ದೂ ಅಲ್ಲ.

ನಾನು ಹಳೆಯ ಗುಂಡಿಯನ್ನು ಮುಚ್ಚಿಸಿ, ಹಿತ್ತಲಿನ ಇನ್ನೊಂದು ತುದಿಯಲ್ಲಿ ಹೊಸದನ್ನು ಕಟ್ಟಿಸಿದೆ. ಮಹಡಿ ಕಟ್ಟಲೆಂದು ಕೂಡಿಟ್ಟ ಹಣ ಅದಕ್ಕೆ ಹೋಯಿತು. ನೆರೆಯವರ ಬಳಿ ಹೋಗಿ ಕ್ಷಮೆ ಕೇಳಿದೆ. ಬಾವಿಯ ನೀರು ಪುನಃ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಅವರಿಗೆ ಕುಡಿಯುವ ನೀರು ಒದಗಿಸುವ ಹೊಣೆಯನ್ನೂ ಹೊತ್ತೆ.

ಮಸೀದಿಗಳ ವುಝೂಖಾನೆಗೆ ಅಮೃತಶಿಲೆ ಹಾಸಲು ಸಂಗ್ರಹಿಸುವ ನಾವು, ಜಮಾಅತಿನ ಬಾವಿಗಳ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸುವ ವ್ಯವಸ್ಥೆಯನ್ನೇಕೆ ಮಾಡಬಾರದು? ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಹೋದ ಮೇಲೆ ಒಂದು ಅಳತೆಯ ಟೇಪು ಹಿಡಿದು ಹಿತ್ತಲಿಗೆ ಹೋಗಿ. ನಿಮ್ಮ ಗುಂಡಿಗೂ ನೆರೆಯವರ ಬಾವಿಗೂ ನಡುವೆ ಎಷ್ಟು ಅಡಿಯಿದೆ ಎಂದು ನೋಡಿ.