ಉಚಿತ ‘ಶ್ರುತಿ ಸರಿಪಡಿಸುವ’ ಪ್ಲಗಿನ್ ಹಾಕಿಕೊಂಡರೆ ಯಾರು ಬೇಕಾದರೂ ಗಾಯಕರಾಗಬಹುದೇ?

“ಈ ಪ್ಲಗಿನ್ ಇದ್ದರೆ ಸಾಕು, ಬಾತ್‌ರೂಮ್ ಗಾಯಕರೂ ಸ್ಟಾರ್ ಆಗಬಹುದು” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. “ಈಗಿನವರಿಗೆ ಹಾಡಲು ಬರುವುದಿಲ್ಲ, ಎಲ್ಲ ಕಂಪ್ಯೂಟರ್ ಮಹಿಮೆ” ಎಂಬುದನ್ನೂ ಕೇಳಿದ್ದೇವೆ. ಎರಡೂ ಅರ್ಧ ಸತ್ಯ.

ಇದು ಕೆಲಸ ಮಾಡುವುದು ಹೇಗೆ?

ಒಂದು ಸ್ವರ ಹಾಡಿದಾಗ ಧ್ವನಿಯ ಅಲೆ ಸೆಕೆಂಡಿಗೆ ಇಂತಿಷ್ಟು ಬಾರಿ ಮರುಕಳಿಸುತ್ತದೆ. ಪ್ಲಗಿನ್ ಅದನ್ನು ಅಳೆದು, ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ತೈಲ ನಿಕ್ಷೇಪ ಹುಡುಕಲು ಭೂಮಿಯೊಳಗಿನ ಅಲೆಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್, ಅಂಥದ್ದೇ ಗಣಿತ ಬಳಸಿ 1997ರಲ್ಲಿ ‘ಆಟೋ-ಟ್ಯೂನ್’ ತಂದರು. ಅದಕ್ಕೆ ದುಡ್ಡು ಕೊಡಬೇಕು. ‘ಗ್ರೇಲಾನ್’ನ ಉಚಿತ ಆವೃತ್ತಿ, ‘ಎಂಆಟೋಪಿಚ್’ ಮುಂತಾದವು ಪುಕ್ಕಟೆ ಸಿಗುತ್ತವೆ. ಆದರೆ ಪ್ಲಗಿನ್ ತಾನೇ ತೆರೆದುಕೊಳ್ಳುವುದಿಲ್ಲ. ‘ಆಡಾಸಿಟಿ’ಯಂಥ ರೆಕಾರ್ಡಿಂಗ್ ತಂತ್ರಾಂಶದ ಒಳಗೆ ಸೇರಿ ಕೆಲಸ ಮಾಡುತ್ತದೆ.

ಎಲ್ಲಿ ಎಡವುತ್ತದೆ?

ನೀವು ಹಾಡಬೇಕಾದ ಸ್ವರ 440 ಹರ್ಟ್ಸ್ ಎಂದುಕೊಳ್ಳಿ. ಅದರ ಕೆಳಗಿನ ಸ್ವರ ಸುಮಾರು 415. ನೀವು 430 ಹಾಡಿದರೆ ಪ್ಲಗಿನ್ 440ಕ್ಕೆ ಏರಿಸುತ್ತದೆ. 425 ಹಾಡಿದರೆ? 415 ಹತ್ತಿರವಾದ್ದರಿಂದ ಅಲ್ಲಿಗೇ ಇಳಿಸುತ್ತದೆ! ಅಂದರೆ ಸ್ವಲ್ಪ ತಪ್ಪಿದವರನ್ನು ಅದು ತಿದ್ದುತ್ತದೆ, ಹೆಚ್ಚು ತಪ್ಪಿದವರನ್ನು ಇನ್ನೂ ದೂರ ತಳ್ಳಬಹುದು.

ಎರಡನೆಯದು ಗದ್ದಲ. ಹೂಡಿಯಲ್ಲಿ ಹಳಿಯ ಪಕ್ಕದ ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದರೆ ರೈಲಿನ ಹಾರ್ನ್ ಕೂಡ ಮೈಕಿಗೆ ಬೀಳುತ್ತದೆ. ಒಂದೇ ಧ್ವನಿ ಇದ್ದಾಗ ಮಾತ್ರ ಪ್ಲಗಿನ್ನಿನ ಲೆಕ್ಕ ಸರಿಯಾಗುತ್ತದೆ. ಹಾಗಾಗಿ ಕರೋಕೆ ಟ್ರ್ಯಾಕನ್ನು ಸ್ಪೀಕರಿನಲ್ಲಿ ಹಾಕಬೇಡಿ, ಇಯರ್‌ಫೋನಿನಲ್ಲಿ ಕೇಳಿಕೊಂಡು ಹಾಡಿ.

ಮೂರನೆಯದು ನಮ್ಮ ಸಂಗೀತಕ್ಕೇ ಸಂಬಂಧಿಸಿದ್ದು: ಗಮಕ. ತೋಡಿಯ ಗಾಂಧಾರ ನಿಂತಲ್ಲೇ ನಿಲ್ಲುವ ಸ್ವರವಲ್ಲ, ತೂಗಾಡುವ ಸ್ವರ. ವೇಗ ಹೆಚ್ಚಿಟ್ಟರೆ ಪ್ಲಗಿನ್ ಆ ತೂಗಾಟವನ್ನೇ ತಪ್ಪೆಂದು ತಿಳಿದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ. ಸರಿಯಾಗಿ ಹಾಡಿದ್ದೂ ಯಂತ್ರದ ದನಿಯಂತೆ ಕೇಳುವುದು ಆಗಲೇ. ಇನ್ನು ತಾಳ, ಉಚ್ಚಾರ, ಭಾವ ಇವಾವುದನ್ನೂ ಅದು ಮುಟ್ಟುವುದಿಲ್ಲ.

ಹಾಗಾದರೆ ಬಳಸುವುದು ಹೇಗೆ?

ಮೊದಲು ನಿಮ್ಮ ಶ್ರುತಿಯನ್ನು ಆರಿಸಿ. ನಂತರ ಹಾಡಿಗೆ ಬೇಕಾದ ಸ್ವರಗಳನ್ನಷ್ಟೇ ಉಳಿಸಿ. ಮೋಹನ ರಾಗಕ್ಕೆ ಸ, ರಿ, ಗ, ಪ, ಧ ಐದೇ ಸಾಕು. ತಿದ್ದುವ ವೇಗ ಕಡಿಮೆ ಇರಲಿ. ತಿದ್ದದ ಮೂಲ ರೆಕಾರ್ಡಿಂಗನ್ನು ಅಳಿಸಬೇಡಿ; ಎಲ್ಲಿ ಶ್ರುತಿ ಜಾರಿದೆ ಎಂದು ಕಲಿಯಲು ಅದೇ ಬೇಕು.

ಒಂದು ಎಚ್ಚರಿಕೆ: ದುಡ್ಡಿನ ಪ್ಲಗಿನ್ನಿನ ‘ಕ್ರ್ಯಾಕ್’ ಎಂದು ಬರುವ ಲಿಂಕುಗಳನ್ನು ಒತ್ತಬೇಡಿ, ಅವುಗಳಲ್ಲಿ ವೈರಸ್ ಅಡಗಿರಬಹುದು. ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಇನ್ನು ಯಾರದೋ ಹಾಡನ್ನು “ಎಲ್ಲ ಕಂಪ್ಯೂಟರ್” ಎಂದು ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ. ದನಿ ನಯವಾಗಿದೆ ಎಂದ ಮಾತ್ರಕ್ಕೆ ಹಾಡಿದವರಿಗೆ ಹಾಡಲು ಬರುವುದಿಲ್ಲ ಎಂದಾಗುವುದಿಲ್ಲ.